ಕಾಕಾ ತೆರೆಯಗೊಡದ ಇಮೇಲ್

ಹುಕ್ಕೇರಿಯಲ್ಲಿ ಎಸ್‌ಟಿಡಿ ಬೂತಿನೊಳಗೇ ಎರಡು ಕಂಪ್ಯೂಟರ್ ಇಟ್ಟುಕೊಂಡಿದ್ದವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಯಾರು ಇಮೇಲ್ ನೋಡಲು ಕೂತರೂ ಕನ್ನಡಕವನ್ನು ಹಣೆಗೇರಿಸಿ ಹಿಂದೆ ಬಂದು ನಿಲ್ಲುವರು. "ಗುರುತಿಲ್ಲದವರಿಗೆ ಬಾಗಲಾ ತಗೀಬ್ಯಾಡ್ರಿ" ಎಂಬುದು ಅವರ ನಿತ್ಯದ ಮಾತು. ಲಾಟರಿ ಹೊಡೆದಿದೆ ಎಂಬ ಇಮೇಲೊಂದು ಅವರ ಕಂಪ್ಯೂಟರನ್ನು ಕೆಡಿಸಿತ್ತು.

ನಾನು ಉಪನ್ಯಾಸಕನ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದೆ. ಒಂದು ದಿನ ಬೂತಿನಲ್ಲಿ ಕೂತಾಗ ಇಮೇಲ್ ಪಟ್ಟಿಯಲ್ಲಿ ಹೊಸ ಸಾಲು ಕಂಡಿತು: "ಅಭಿನಂದನೆಗಳು! ನೀವು ಆಯ್ಕೆಯಾಗಿದ್ದೀರಿ. ಪತ್ರ ಕಾಣದಿದ್ದರೆ ಇಲ್ಲಿ ಒತ್ತಿ..." ಕಳಿಸಿದವರ ಹೆಸರಿನ ಜಾಗದಲ್ಲಿ ಬರೀ 'ಆಫೀಸ್' ಎಂದಿತ್ತು.

"ಮುಟ್ಟಬ್ಯಾಡ್ರಿ! ಲಾಟರಿಯವರೂ ಹಿಂಗ ಬರೀತಾರ."

"ಕಾಕಾ, ಕಾಲೇಜಿನವರದ ಇದ್ರ?"

"ಅವರನ್ನ ಕೇಳೂಣು" ಎಂದು ನನ್ನಿಂದ ನಂಬರ್ ಪಡೆದು ಕಾಲೇಜಿಗೆ ಫೋನ್ ಹಚ್ಚಿ, ನನ್ನ ಹೆಸರು ಹೇಳಿ, ತಾವು ನನ್ನ ಕಾಕಾ ಎಂದರು. "ಪತ್ರ ಖರೇನ ನಿಮ್ದೇನ್ರಿ? ಹಂಗಾದ್ರ ಮೊದಲನೇ ಸಾಲಿನ್ಯಾಗ ನಿಮ್ಮ ಹೆಸರಾ ಹೇಳಾಕ ಏನಾಗೇತ್ರಿ? ಕಳ್ಳರಂಗ ಬಂದ್ರ ಒಳಗ ಹೆಂಗ ಬಿಟ್ಕೊಳ್ಳೂದು?" ಇಷ್ಟೇ ಅಂದರೋ ಇನ್ನೂ ಬೈದರೋ, ಈ ವಿಷಯದಲ್ಲಿ ನನ್ನ ನೆನಪನ್ನು ನಾನೇ ಪೂರ್ತಿ ನಂಬಲಾರೆ. ಆಮೇಲೆ ರಿಸೀವರ್ ಇಟ್ಟು, "ಖರೆ ಐತಿ. ಆಯ್ಕೆ ಆಗಿದ್ದು ಸಂದರ್ಶನಕ್ಕಂತ, ಅದೂ ನಾಳೆನ. ಈಗ ತಗೀರಿ" ಎಂದರು.

ಮರುದಿನ ಪ್ರಾಂಶುಪಾಲರು ಕೇಳಿದ ಮೊದಲ ಪ್ರಶ್ನೆ ಮಾತ್ರ ಖಚಿತವಾಗಿ ನೆನಪಿದೆ: "ನಿನ್ನೆ ಫೋನ್ ಎತ್ತಿದಾಂವ ನಾನ. ನಿಮ್ಮ ಕಾಕಾ ತಣ್ಣಗಾದ್ರೇನ್ರಿ?"