ಬೀಗದ ಕೈ

ಸ್ನೇಹಿತರೇ, ಮೂರು ದಿನದಿಂದ ನಾನು ಫೋನಿನೊಳಗಿನ ಒಂದು ಕೋಣೆಯಲ್ಲಿ ಸಿಕ್ಕಿಕೊಂಡಿದ್ದೆ. ಬೀಗ ಹಾಕಿದ ಕೋಣೆಯಿಂದ ಹೊರಬರುವ ಆಟ ಅದು. ಅಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತದೆ, ಕುರ್ಚಿ ಚಾವಣಿಯಿಂದ ಜೋತಾಡುತ್ತದೆ, ಗೋಡೆಯ ಮೊಳೆಯಲ್ಲಿ ಒಂದು ಮರದ ಕೈ ತೂಗುತ್ತದೆ. ಗಡಿಯಾರ, ಕುರ್ಚಿ ಎಲ್ಲ ತಿರುಗಿಸಿದರೂ ಬಾಗಿಲು ತೆರೆಯಲಿಲ್ಲ.

ಇಂದು ಮಧ್ಯಾಹ್ನ, ಕಳಲೆಯಿಂದ ಬಂದಿರುವ ನಮ್ಮತ್ತೆ ಅವರೆಕಾಯಿ ಸುಲಿಯುತ್ತಾ ಕೇಳಿದರು. "ಏನಮ್ಮೀ, ಅಂಗೆ ನಿಟ್ಟುಸ್ರು ಬುಡ್ತೀಯ?"

"ಬೀಗದ ಕೈ ಸಿಗ್ತಿಲ್ಲ ಅತ್ತೆ."

ಬಗ್ಗಿ ನೋಡಿದರು. "ಅಲ್ಲೇ ಗ್ವಾಡೇಲಿ ಕೈ ನೇತಾಕವ್ರಲ್ಲಾ, ಕಾಣಾಕಿಲ್ವಾ?"

ನಕ್ಕು, ಸುಮ್ಮನೆ ಆ ಮರದ ಕೈಯನ್ನು ಬೀಗಕ್ಕೆ ಹಚ್ಚಿದೆ. ತೋರುಬೆರಳು ಕಿಂಡಿಗೆ ಸರಿಯಾಗಿ ಕೂತು ಬಾಗಿಲು ತೆರೆಯಿತು.

ಒಳಗೆ ಮೀನಿನ ತಲೆಯ, ಕೋಟು ತೊಟ್ಟ ಮನುಷ್ಯನೊಬ್ಬ ಬಿಗುಮಾನದಿಂದ ಕೂತಿದ್ದ.

"ಇವ್ರ್ಯಾರತ್ತೆ?"

"ಬೀಗ ತೆಗುದ್ರೆ ಇನ್ಯಾರು, ಬೀಗ್ರೇ. ಸುಮ್ಕೆ ನಿಂತ್ಕಬ್ಯಾಡ, ಮೊದ್ಲು ನೀರು ಕೊಡು."

ಆಟದೊಳಗಿನ ಮೇಜಿನ ಮೇಲಿದ್ದ ನೀರಿನ ಲೋಟ ಕೊಟ್ಟೆ. ಆತ ಕುಡಿದು, ಎದ್ದು, ಮುಂದಿನ ಕೋಣೆಗೆ ದಾರಿ ಬಿಟ್ಟ.

ಆಗಿನಿಂದ ಫೋನು ಅತ್ತೆಯ ಕೈಯಲ್ಲಿ, ಅವರೆಕಾಯಿ ನನ್ನ ಮಡಿಲಲ್ಲಿ. ಇದನ್ನು ಬರೆಯಲು ಐದು ನಿಮಿಷ ಬೇಡಿ ಪಡೆದಿದ್ದೇನೆ. ಪಕ್ಕದಲ್ಲೇ ನಿಂತು ಹೇಳುತ್ತಿದ್ದಾರೆ: "ಬಿರ್ರನೆ ಮುಗ್ಸಮ್ಮೀ, ಆಚೆ ಕ್ವಾಣೇಲಿ ಇನ್ನಿಬ್ರು ಬೀಗ್ರು ಕಾಯ್ತಾವ್ರೆ."