ಬಲಕ್ಕೆ ಮುಖ ಮಾಡಿದವಳು

ಇದು ನಡೆದದ್ದು. ನಾನು ಬಂಟ್ವಾಳದಲ್ಲಿ ಒಂದು ಪತ್ರಿಕೆಯ ವರದಿಗಾರ. ನೋಡಿದ್ದನ್ನು ‘ನೋಡಿದೆ’ ಎಂದು, ಬೇರೆಯವರು ಹೇಳಿದ್ದನ್ನು ‘ಹೇಳಿದರು’ ಎಂದು ಬರೆಯುವುದು ನನ್ನ ಕಸುಬು. ಇದನ್ನೂ ಹಾಗೆಯೇ ಬರೆಯುತ್ತೇನೆ. ಪತ್ರಿಕೆಗೆ ಕೊಟ್ಟಿದ್ದರೆ ಡೆಸ್ಕಿನವರು ಮೊದಲ ಪ್ಯಾರಾದಲ್ಲೇ ಕೆಂಪು ಗೀಟು ಎಳೆಯುತ್ತಿದ್ದರು.

ಅವರಿಗೆ ತೋರಿಸಲು ನನ್ನಲ್ಲಿ ಒಂದು ಚಿತ್ರವಂತೂ ಉಂಟು. ಆದರೆ ಅದನ್ನು ಯಾರಿಗೂ ತೋರಿಸುವ ಧೈರ್ಯ ನನಗಿಲ್ಲ...

ಪಾಣೆಮಂಗಳೂರಿನ ಅಶ್ರಫ್ ನನ್ನ ಶಾಲೆಯ ಕಾಲದ ಗೆಳೆಯ. ಸಿದ್ಧಕಟ್ಟೆಯಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ, ಗುಡ್ಡದ ಮೇಲಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾನೆ. ಲ್ಯಾಬಿಗೆ ಹೊಸ ಕ್ಯಾಮೆರಾ ಬಂದಿದೆ, ಬಾ, ಬರೆಯಲು ಒಳ್ಳೆಯ ವಿಷಯ ಎಂದು ಫೋನ್ ಮಾಡಿದ್ದ. ಡಿಸೆಂಬರಿನ ಒಂದು ಸಂಜೆ ಬೈಕಿನಲ್ಲಿ ಹೋದೆ.

ಕ್ಯಾಮೆರಾ ನೋಡಿ ನಿರಾಸೆಯಾಯಿತು. ಅಂಗೈಯಲ್ಲಿ ಹಿಡಿಯುವಷ್ಟು ಒಂದು ಕಪ್ಪು ಲೋಹದ ಡಬ್ಬಿ. ಎದುರಿಗೆ ಲೆನ್ಸು, ಹಿಂದೆ ಯುಎಸ್‌ಬಿ ವಯರು.

“ಇದು ಲೈನ್ ಕ್ಯಾಮೆರಾ ಮಾರಾಯ,” ಎಂದ ಅಶ್ರಫ್. “ನಿನ್ನ ಮೊಬೈಲ್ ಒಂದು ಸಲಕ್ಕೆ ಇಡೀ ಚಿತ್ರ ತೆಗೀತದೆ. ಇದು ಒಂದೇ ಒಂದು ಗೆರೆ ತೆಗೀತದೆ. ಕೂದಲಿನಷ್ಟು ಸಪೂರದ್ದು. ಮತ್ತೆ ಇನ್ನೊಂದು, ಮತ್ತೆ ಇನ್ನೊಂದು. ಲ್ಯಾಪ್‌ಟಾಪ್ ಆ ಗೆರೆಗಳನ್ನು ಎಡದಿಂದ ಬಲಕ್ಕೆ ಸಾಲಾಗಿ ಜೋಡಿಸ್ತದೆ. ಎದುರಿನಿಂದ ಏನಾದ್ರೂ ಹಾದು ಹೋದ್ರೆ ಮಾತ್ರ ಅದರ ಆಕಾರ ಬರ್ತದೆ. ಏನೂ ಅಲ್ಲಾಡದಿದ್ರೆ ಬರೀ ಅಡ್ಡ ಪಟ್ಟೆ.”

ಬೆಲ್ಟಿನ ಮೇಲೆ ಓಡುವ ಗೇರುಬೀಜದ ತಿರುಳಿನಲ್ಲಿ ಬಿರುಕು, ಕಲೆ ಹುಡುಕುವುದು ಅವನ ವಿದ್ಯಾರ್ಥಿಗಳ ಪ್ರಾಜೆಕ್ಟ್. ಆದರೆ ಬೆಲ್ಟಿನ ಮೋಟರು ಸುಟ್ಟು ರಿಪೇರಿಗೆ ಹೋಗಿತ್ತು. ಅದು ಬರುವಷ್ಟರಲ್ಲಿ ಕ್ಯಾಮೆರಾವನ್ನಾದರೂ ಸರಿಮಾಡಿಕೊಳ್ಳುವ ಎಂದು, ಲ್ಯಾಬಿನ ಬಾಗಿಲ ಬಳಿ ಮೇಜು ಹಾಕಿ, ಕ್ಯಾಮೆರಾವನ್ನು ಹೊರಗಿನ ಕಾರಿಡಾರಿನ ಕಡೆಗೆ ತಿರುಗಿಸಿ ಕೂರಿಸಿದ. ಎದುರಿನ ಗೋಡೆಗೆ ಬಿಳಿ ಹಾಳೆ ಅಂಟಿಸಿದ. ಹಾಳೆಯ ಮೇಲೆ ಕಪ್ಪು ನೂಲು ಎಳೆದು, ಅದು ಪರದೆಯ ಗ್ರಾಫಿನಲ್ಲಿ ಚೂಪಾಗಿ ಇಳಿಯುವ ತನಕ ಲೆನ್ಸು ತಿರುಗಿಸಿ ಫೋಕಸ್ ಮಾಡಿದ. ಲೆನ್ಸಿಗೆ ಮುಚ್ಚಳ ಹಾಕಿ ಪೂರ್ತಿ ಕತ್ತಲೆಯ ಒಂದು ಅಳತೆ, ಮುಚ್ಚಳ ತೆಗೆದು ಬಿಳಿ ಹಾಳೆಯ ಒಂದು ಅಳತೆ ತೆಗೆದುಕೊಂಡ. ಟ್ಯೂಬ್‌ಲೈಟಿನ ಮಿನುಗು ಚಿತ್ರದಲ್ಲಿ ಗೀರುಗೀರಾಗಿ ಬರುತ್ತದೆಂದು ಅದನ್ನು ಆರಿಸಿ, ಕಾರಿಡಾರಿನಲ್ಲಿ ಬ್ಯಾಟರಿಯ ಎಲ್‌ಇಡಿ ದೀಪ ಇಟ್ಟ.

ಆಮೇಲೆ ತಾನೇ ಎಡದಿಂದ ಬಲಕ್ಕೆ ನಡೆದ. ಪರದೆಯಲ್ಲಿ ಮೊದಲು ಮೂಗು ಬಂತು, ಆಮೇಲೆ ಕಿವಿ, ಆಮೇಲೆ ಬೆನ್ನು. ಎಡಕ್ಕೆ ಮುಖ ಮಾಡಿದ ಅಶ್ರಫ್. ಬಲದಿಂದ ಎಡಕ್ಕೆ ನಡೆದ. ಆಗಲೂ ಎಡಕ್ಕೇ ಮುಖ!

“ಹೇಗೆ?” ಎಂದೆ.

“ಯಾವುದು ಮೊದಲು ಗೆರೆ ದಾಟ್ತದೋ ಅದು ಎಡಕ್ಕೆ. ಮನುಷ್ಯ ಯಾವ ಕಡೆಯಿಂದ ಬಂದ್ರೂ ಮೂಗು ಮೊದಲು ತಾನೆ? ಬಲಕ್ಕೆ ಮುಖ ಬರ್ಬೇಕಾದ್ರೆ ಹೀಗೆ...” ಎಂದು ಹಿಂದೆ ಹಿಂದೆ ಹೆಜ್ಜೆ ಹಾಕಿದ. ಪರದೆಯಲ್ಲಿ ಬಲಕ್ಕೆ ಮುಖ ಮಾಡಿದ ಅಶ್ರಫ್ ಮೂಡಿದ.

ಕಾರಿಡಾರಿನಲ್ಲಿ ಯಾರೋ ನಕ್ಕರು. “ಎಂತ ಸರ್, ನಾನು ನೆಲ ಒರೆಸುವ ಹಾಗೆ ನಡೀತಿದ್ದೀರಿ!”

ಬಕೆಟ್ಟು, ಉದ್ದ ಕೋಲಿನ ಮಾಪು ಹಿಡಿದು ನಿಂತಿದ್ದವರು ಗುಲಾಬಿಯಕ್ಕ. ಆ ಕಾಲೇಜಿನಲ್ಲಿ ಗುಡಿಸಿ ಒರೆಸುವ ಕೆಲಸ ಅವರದ್ದು. ಮನೆ ಶಿರ್ತಾಡಿಯಲ್ಲಿ. ಮೂಡುಬಿದಿರೆಗೆ ಹೋಗಿ ಇನ್ನೊಂದು ಬಸ್ಸು ಹಿಡಿಯಬೇಕು. ನಾವು ಮೂವರೂ ಮಾತಾಡಿದ್ದು ಹೆಚ್ಚಾಗಿ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನೀವು ಸ್ವಲ್ಪ ಆಚೆ ಹೋದ್ರೆ ಒರೆಸಿಬಿಡ್ತೇನೆ. ಇವತ್ತು ಬೇಗ ಹೊರಡ್ಬೇಕು. ಅಮ್ಮನಿಗೆ ಬೆಳಿಗ್ಗೆಯಿಂದ ಗಂಜಿ ಇಳೀತಾ ಇಲ್ಲ. ಪಕ್ಕದ ಮನೆಯ ಲಿಲ್ಲಿಬಾಯಿ ಕೂತಿದ್ದಾರೆ. ಸಂಜೆಯ ಬಸ್ಸಿಗೆ ಬರ್ತೇನೆ ಅಂತ ಹೇಳಿ ಬಂದಿದ್ದೇನೆ.”

“ಇವರ ಅಮ್ಮ ಕಮಲಕ್ಕ ಇಲ್ಲೇ ಕೆಲಸಕ್ಕಿದ್ದವರು. ಅವರು ಬಿಟ್ಟ ಮೇಲೆ ಇವರು ಬಂದದ್ದು,” ಎಂದ ಅಶ್ರಫ್.

“ಅಮ್ಮ ಈ ಮಾಪೆಲ್ಲ ಮುಟ್ಟಿದವರಲ್ಲ. ಬಗ್ಗಿ ಬಟ್ಟೆಯಲ್ಲೇ ಒರೆಸೋದು. ಫಿನಾಯಿಲ್ ಆಗ್ತಿರಲಿಲ್ಲ, ಕೆಮ್ಮು. ಬಕೆಟ್ಟಿಗೆ ಆ ನಿಂಬೆ ವಾಸನೆಯ ಮಜ್ಜಿಗೆ ಹುಲ್ಲು ಜಜ್ಜಿ ಹಾಕ್ತಿದ್ರು. ನೆಲ ಬಾಕಿ ಇಟ್ಟು ಮನೆಗೆ ಬಂದ್ರೆ ಈಗಲೂ ಬೈತಾರೆ ನನಗೆ.” ಅವರು ನಕ್ಕು ಬಕೆಟ್ಟಿಗೆ ನೀರು ತುಂಬಲು ಹೊರಟರು.

ನನಗೆ ಅಶ್ರಫನ ಚಿತ್ರ ಬೇಡವಾಗಿತ್ತು. ಕೋಟಿನ ಕಿಸೆಯಲ್ಲಿ ಪೆನ್ನು ಸಿಕ್ಕಿಸಿದ ಉಪನ್ಯಾಸಕನ ಚಿತ್ರ ಯಾರು ನೋಡುತ್ತಾರೆ? ಗುಲಾಬಿಯಕ್ಕ ಬಕೆಟ್ಟು ಹಿಡಿದು ಹಾದು ಹೋಗುವ ಚಿತ್ರ ಬಂದರೆ ಭಾನುವಾರದ ಪುಟಕ್ಕೆ ಚೆನ್ನಾಗಿರುತ್ತದೆ ಎನಿಸಿತು.

“ಅಕ್ಕ, ಬಕೆಟ್ ಖಾಲಿ ಇರ್ಲಿ. ಒಂದು ಸಲ ಇದರ ಎದುರು ನಡೀರಿ.”

ನಡೆದರು. ನಿಧಾನವಾಯಿತು, ಚಿತ್ರದಲ್ಲಿ ಅವರು ಗೋಣಿಚೀಲದ ಹಾಗೆ ಅಗಲವಾಗಿ ಬಂದರು. ನಾವಿಬ್ಬರೂ ನಕ್ಕೆವು. ಅವರೂ ನೋಡಿ ನಕ್ಕರು. ಇನ್ನೊಮ್ಮೆ ನಡೆದರು. ವೇಗ ಹೆಚ್ಚಾಯಿತು, ಕಡ್ಡಿಯ ಹಾಗೆ ಬಂದರು. ಮತ್ತೊಮ್ಮೆ. ಮತ್ತೊಮ್ಮೆ...

“ಸಾಕಲ್ವಾ ಸರ್? ಬಸ್ಸು...”

“ಬಿಡು ಮಾರಾಯ, ಅವರು ಹೋಗ್ಲಿ,” ಎಂದ ಅಶ್ರಫ್.

ಇದನ್ನು ಸ್ಪಷ್ಟವಾಗಿ ಬರೆಯಬೇಕು. ಅವರನ್ನು ನಿಲ್ಲಿಸಿದ್ದು ಅಶ್ರಫ್ ಅಲ್ಲ. ನಾನು.

“ನಾನು ಬಿಡ್ತೇನೆ ಅಕ್ಕ. ಬೈಕ್ ಉಂಟಲ್ಲ? ಬಸ್ಸಿಗಿಂತ ಬೇಗ ಮನೆ ಮುಟ್ಟಿಸ್ತೇನೆ. ನೆಲ ನಾಳೆ ಒರೆಸಿದ್ರಾಯ್ತು.”

ಅವರು ನಂಬಿದರು. ಕೆಳಗಿನ ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿತು. ಅವರು ಒಮ್ಮೆ ಅತ್ತ ಕತ್ತು ತಿರುಗಿಸಿ, ಖಾಲಿ ಬಕೆಟ್ಟು ಹಿಡಿದು ಮತ್ತೆ ನಡೆದರು. ಕೊನೆಗೆ ಅಳತೆ ಸರಿಯಾಗಿ, ನಡುವಯಸ್ಸಿನ ಹೆಂಗಸೊಬ್ಬಳು ತಲೆ ಎತ್ತಿ ನಡೆಯುವ ಚೆಂದದ ಚಿತ್ರ ಬಂತು.

ನಾನೂ ಅಶ್ರಫನೂ ಪರದೆಯ ಮೇಲೆ ಬಗ್ಗಿದೆವು. ಬೆಳಕು ಸಾಕಾ, ಒಂದೊಂದು ಗೆರೆಗೆ ಎಷ್ಟು ಹೊತ್ತು ಕೊಡಬೇಕು, ಕ್ಯಾಮೆರಾ ಬಿಸಿಯಾದ ಮೇಲೆ ಚಿತ್ರ ಮಂಕಾಗುತ್ತದಾ ಎಂದೆಲ್ಲ ಮಾತು. ಬಿಸಿಯಾಗುವುದನ್ನು ನೋಡಲೆಂದು ಅಶ್ರಫ್ ರೆಕಾರ್ಡಿಂಗ್ ನಿಲ್ಲಿಸದೆ ಹಾಗೇ ಬಿಟ್ಟ. ಎಷ್ಟು ಹೊತ್ತು ಮಾತಾಡಿದೆವು? ಗೊತ್ತಿಲ್ಲ. ನಾನು ತಲೆ ಎತ್ತಿದಾಗ ಹೊರಗೆ ಪೂರ್ತಿ ಕತ್ತಲೆಯಾಗಿತ್ತು. ಕಾರಿಡಾರಿನಲ್ಲಿ ಗುಲಾಬಿಯಕ್ಕ ಇರಲಿಲ್ಲ.

ಬಕೆಟ್ಟು ಲ್ಯಾಬಿನೊಳಗೆ ಮೂಲೆಯಲ್ಲಿತ್ತು. ಖಾಲಿ. ಮಾಪು ಒಣಗಿಯೇ ಇತ್ತು.

“ಕಾದು ಕಾದು ಮುಂದಿನ ಬಸ್ಸಿಗೆ ಹೋಗಿರ್ಬೇಕು,” ಎಂದ ಅಶ್ರಫ್. ಫೋನ್ ಮಾಡಿದ. ಸಿಗಲಿಲ್ಲ. “ನಿನ್ನ ಹತ್ರ ಮನೆಗೆ ಬಿಡಿ ಅಂತ ಕೇಳ್ಲಿಕ್ಕೆ ಸಂಕೋಚ ಆಗಿರ್ತದೆ. ನೀನು ಲ್ಯಾಪ್‌ಟಾಪಿನಿಂದ ಮುಖ ಎತ್ತಿದ್ದುಂಟಾ?”

ಹೆಲ್ಮೆಟ್ ಎತ್ತಿಕೊಂಡೆ.

ಆಗ ಪರದೆಯಲ್ಲಿ ಏನೋ ಆಯಿತು.

ಅಷ್ಟು ಹೊತ್ತು ಖಾಲಿ ಗೋಡೆಯ ಅಡ್ಡ ಪಟ್ಟೆಗಳಷ್ಟೇ ಬರುತ್ತಿದ್ದವು. ಈಗ ಆ ಪಟ್ಟೆಗಳು ಮುರಿದು, ಗೆರೆಯ ಪಕ್ಕ ಗೆರೆಯಾಗಿ ಒಂದು ಕಪ್ಪು ಉಬ್ಬು ಮೂಡತೊಡಗಿತು... ತುಂಬ ನಿಧಾನ.

ನಾವು ಪರದೆ ಬಿಟ್ಟು ಬಾಗಿಲ ಹೊರಗೆ ನೋಡಿದೆವು. ಕಾರಿಡಾರ್ ಖಾಲಿ. ಎಲ್‌ಇಡಿ ದೀಪ, ಬಿಳಿ ಹಾಳೆ, ಕಪ್ಪು ನೂಲು. ಬೇರೇನೂ ಇಲ್ಲ.

ಪರದೆಯಲ್ಲಿ ಮೊದಲು ಸೊಂಟ ಬಂತು. ಮೇಲೆತ್ತಿ ಸಿಕ್ಕಿಸಿದ ಸೀರೆ. ಆಮೇಲೆ ಬಾಗಿದ ಬೆನ್ನು. ನೆಲಕ್ಕೆ ಇಳಿದ ಒಂದು ಕೈ. ಎಲ್ಲದರ ಕೊನೆಗೆ ತಲೆ...

ಬಲಕ್ಕೆ ಮುಖ.

“ಹಿಂದೆ ಹಿಂದೆ ಹೋಗ್ತಾ ಉಂಟು,” ಎಂದು ಅಶ್ರಫ್ ಪಿಸುಗುಟ್ಟಿದ.

“ಹಳೆಯ ಚಿತ್ರ ಒಳಗೆ ಸಿಕ್ಕಿಬಿದ್ದು ಈಗ ಬರ್ತಾ ಇರಬಹುದಾ?”

“ಹಳೆಯದ್ದರಲ್ಲಿ ಬಗ್ಗಿದವರು ಯಾರಿದ್ರು ಮಾರಾಯ?”

ಅವನು ಕೈ ಚಾಚಿ ಲೆನ್ಸಿಗೆ ಮುಚ್ಚಳ ಹಾಕಿದ. ಪರದೆ ಕಪ್ಪಾಯಿತು. ಅಂದರೆ ಅದು ಕಾಣುತ್ತಿದ್ದದ್ದು ಲೆನ್ಸಿನ ಮೂಲಕವೇ, ಆಗಲೇ. ಪರದೆ ಕಪ್ಪಾದ ಮೇಲೆಯೇ ನಮಗೆ ಸದ್ದು ಕೇಳಿಸಿದ್ದು. ಒದ್ದೆ ಬಟ್ಟೆಯನ್ನು ನೆಲದ ಮೇಲೆ ಎಳೆಯುವ ಸದ್ದು. ಸ್ವಲ್ಪ ನಿಲ್ಲುವುದು... ಹಿಂಡಿದ ನೀರು ತೊಟ್ಟಿಕ್ಕುವುದು... ಮತ್ತೆ ಎಳೆಯುವುದು. ಜೊತೆಗೆ ವಾಸನೆ. ಫಿನಾಯಿಲ್ ಅಲ್ಲ. ನಿಂಬೆಯ ಘಾಟಿನಂಥದ್ದು. ಜಜ್ಜಿದ ಹಸಿ ಮಜ್ಜಿಗೆ ಹುಲ್ಲು.

ಅಶ್ರಫನ ತುಟಿಗಳು ಅಲ್ಲಾಡುತ್ತಿದ್ದವು. ಪ್ರಾರ್ಥನೆ ಇರಬೇಕು. ಮುಚ್ಚಳ ತೆಗೆದ. ಅದು ಮತ್ತೊಮ್ಮೆ ಹಾದು ಹೋಯಿತು. ಈ ಸಲ ಕಿವಿ ಸ್ಪಷ್ಟವಾಗಿ ಬಂತು. ಜೋತುಬಿದ್ದ ಹಾಲೆ, ಅದರಲ್ಲಿ ಓಲೆಯಿಲ್ಲದ ದೊಡ್ಡ ತೂತು.

ಸದ್ದು ಕಾರಿಡಾರಿನ ಆ ತುದಿಯ ಕಡೆಗೆ ಸರಿದು, ಮೆಟ್ಟಿಲ ಬಳಿ ನಿಂತಿತು.

ನಾವು ಬಾಗಿಲ ತನಕ ಹೋದೆವು. ಎಲ್‌ಇಡಿ ದೀಪ ನೆಲದಲ್ಲಿ ಹೊಳೆಯುತ್ತಿತ್ತು. ಈ ತುದಿಯಿಂದ ಆ ತುದಿಯ ತನಕ ನೆಲ ಒದ್ದೆ. ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಹೊಸದಾಗಿ ಒರೆಸಿದ ನೆಲವನ್ನು ತುಳಿಯಬಾರದೆಂದು ಹೊಸ್ತಿಲಲ್ಲಿ ನಿಂತ ಮಕ್ಕಳ ಹಾಗೆ ಇಬ್ಬರೂ ನಿಂತೆವು.

ಟ್ಯಾಂಕಿನ ನೀರು ಹರಿದಿರಬಹುದೇ? ಆ ಕಾರಿಡಾರಿನಲ್ಲಿ ನಳ್ಳಿಯೇ ಇಲ್ಲ. ಇಬ್ಬನಿಯೇ? ಇಬ್ಬನಿಗೆ ವಾಸನೆ ಇರುವುದಿಲ್ಲ. ಇಷ್ಟನ್ನು ಆಗಲೇ ಯೋಚಿಸಿದೆ. ಇವತ್ತಿಗೂ ಇದಕ್ಕಿಂತ ಹೆಚ್ಚು ಗೊತ್ತಾಗಿಲ್ಲ.

ಅಶ್ರಫನ ಫೋನ್ ಹೊಡೆದುಕೊಂಡಾಗ ಇಬ್ಬರೂ ಬೆಚ್ಚಿದೆವು. ಗುಲಾಬಿಯಕ್ಕ.

“ಸರ್, ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿದ್ದೇನೆ. ಶಿರ್ತಾಡಿಯ ಬಸ್ಸು ಹೋಗಿಬಿಟ್ಟಿದೆ. ರಿಕ್ಷಾದವರು ಯಾರೂ ಇಲ್ಲ... ಆ ಬೈಕಿನ ಸರ್ ಹೋದ್ರಾ?”

ಒದ್ದೆ ನೆಲದ ಮೇಲೆಯೇ ಓಡಿದೆ.

ಬಸ್‌ಸ್ಟ್ಯಾಂಡಿನಲ್ಲಿ ಅವರು ಸೆರಗು ಹೊದ್ದು ನಿಂತಿದ್ದರು. “ನಿಮಗೆ ಸುಮ್ಮನೆ ತೊಂದರೆ ಆಯ್ತು ಸರ್,” ಎಂದರು. ಅವರನ್ನು ಹತ್ತಿಸಿಕೊಂಡು ಶಿರ್ತಾಡಿಗೆ ಹೊರಟೆ. ದಾರಿಯಲ್ಲಿ ಅವರು ಒಮ್ಮೆ ಹಿಂದಿನಿಂದ ಕೇಳಿದರು, “ಫೋಟೋ ಚಂದ ಬಂತಾ ಸರ್? ಅಮ್ಮನಿಗೆ ತೋರಿಸ್ಬೇಕು.”

ಮನೆಯ ಅಂಗಳದಲ್ಲಿ ಜನ ನಿಂತಿದ್ದರು. ನಾವು ಬೈಕ್ ನಿಲ್ಲಿಸುವ ಮೊದಲೇ ಅವರೆಲ್ಲ ಮಾತು ನಿಲ್ಲಿಸಿದರು. ಗುಲಾಬಿಯಕ್ಕ ಬೈಕಿನಿಂದ ಇಳಿಯಲಿಲ್ಲ. ನನ್ನ ಭುಜವನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೂತಿದ್ದರು. ಆ ಹಿಡಿತ ಈಗಲೂ ಭುಜದ ಮೇಲೆ ಉಂಟು.

ಒಳಗೆ ಚಾಪೆಯ ಮೇಲೆ ಕಮಲಕ್ಕನನ್ನು ಮಲಗಿಸಿದ್ದರು. ನಾನು ಅವರನ್ನು ಮೊದಲ ಸಲ ನೋಡಿದ್ದು ಆಗ. ಕಿವಿಯ ಹಾಲೆ ಜೋತುಬಿದ್ದಿತ್ತು, ಓಲೆ ಇರಲಿಲ್ಲ. ನಮ್ಮೂರಿನ ಎಷ್ಟೋ ಅಜ್ಜಿಯಂದಿರ ಕಿವಿ ಹಾಗೆಯೇ ಇರುತ್ತದೆ. ಅದನ್ನೂ ಇಲ್ಲಿ ಬರೆದಿಡುತ್ತೇನೆ.

ಲಿಲ್ಲಿಬಾಯಿ ಹೇಳಿದ್ದು ಹೀಗೆ. ಇದು ನಾನು ಕೇಳಿದ್ದು, ನೋಡಿದ್ದಲ್ಲ.

“ಸಂಜೆಯ ಬಸ್ಸು ಹೋದ ಶಬ್ದ ಕೇಳಿ ಬಾಗಿಲ ಕಡೆ ನೋಡಿದ್ರು. ಗುಲಾಬಿ ಬರ್ಲಿಲ್ಲ. ಯಾಕೆ ಬರ್ಲಿಲ್ಲ ಅಂತ ಕೇಳಿದ್ರು. ನೆಲ ಒರೆಸಿ ಆಗ್ಲಿಲ್ಲವೋ ಏನೋ, ಈಗ ಬರ್ತಾಳೆ ಅಂದೆ ನಾನು, ಸಮಾಧಾನಕ್ಕೆ. ಆಮೇಲೆ ಕಣ್ಣು ಮುಚ್ಚಿ, ‘ಅವಳನ್ನು ಬರ್ಲಿಕ್ಕೆ ಹೇಳು, ಒರೆಸೋದು ನಾನು ಒರೆಸ್ತೇನೆ’ ಅಂದ್ರು. ಮತ್ತೆ ಮಾತಿಲ್ಲ.”

ಅದು ಎಷ್ಟು ಹೊತ್ತಿಗೆ ಎಂದು ಲಿಲ್ಲಿಬಾಯಿಯನ್ನು ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆ ಅದೇ ಎಂದು ನನಗೆ ಗೊತ್ತಿತ್ತು. ವರದಿಗಾರನಾಗಿ ನಾನು ಬೇಕೆಂದೇ ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ.

ಅಮ್ಮನ ಉತ್ತರಕ್ರಿಯೆ, ಬೊಜ್ಜ, ಮುಗಿಸಿ ಗುಲಾಬಿಯಕ್ಕ ಕೆಲಸಕ್ಕೆ ಬಂದರು. ಯಾರ ಮೇಲೂ ದೂರಿಲ್ಲ. ಅಶ್ರಫನ ಬಳಿ ಒಂದೇ ಮಾತು ಕೇಳಿದರಂತೆ, ತಮ್ಮ ಫೋಟೋ ಸಿಗಬಹುದಾ ಎಂದು. ಅಮ್ಮನಿಗೆ ತೋರಿಸಲು ಆಗಲಿಲ್ಲ, ಅಮ್ಮನ ಫೋಟೋದ ಪಕ್ಕ ಆದರೂ ಇಡಬೇಕಂತೆ.

ಆ ರಾತ್ರಿಯ ರೆಕಾರ್ಡಿಂಗ್ ಉದ್ದನೆಯ ಒಂದೇ ಪಟ್ಟಿ. ಎಡದಲ್ಲಿ ತಲೆ ಎತ್ತಿ ನಡೆಯುವ ಗುಲಾಬಿಯಕ್ಕ. ಮಧ್ಯೆ ಖಾಲಿ ಗೋಡೆಯ ಪಟ್ಟೆಗಳು. ಬಲದಲ್ಲಿ ಬಗ್ಗಿದವಳು. ಬಂಟ್ವಾಳದ ಸ್ಟುಡಿಯೋ ಒಂದರಲ್ಲಿ ಅದನ್ನು ಉದ್ದಕ್ಕೆ ಪ್ರಿಂಟ್ ಹಾಕಿಸಿದೆ. ಮನೆಗೆ ತಂದು ಕತ್ತರಿ ಹಿಡಿದು ಕೂತೆ. ಖಾಲಿ ಗೋಡೆಯ ಪಟ್ಟೆಗಳ ನಡುವೆಯೇ ಕತ್ತರಿಸಿದೆ.

ಎಡದ ತುಂಡನ್ನು ನಾನೇ ಹೋಗಿ ಕೊಟ್ಟೆ. ಅದೇ ಕಾರಿಡಾರಿನಲ್ಲಿ. ಗುಲಾಬಿಯಕ್ಕ ಕೈ ಒರೆಸಿಕೊಂಡು ತೆಗೆದುಕೊಂಡರು. ನೋಡಿದರು. ಬಲದ ಅಂಚನ್ನು ಹೆಬ್ಬೆರಳಿನಿಂದ ಸವರಿದರು.

“ಇಲ್ಲಿ ಕತ್ತರಿಸಿದ ಹಾಗೆ ಉಂಟಲ್ಲ ಸರ್? ಇದರ ಆಚೆ ಎಂತ ಇತ್ತು?”

“ಎಂತ ಇಲ್ಲ ಅಕ್ಕ,” ಎಂದೆ. “ಖಾಲಿ ಗೋಡೆ.”

ಅವರು ತಲೆಯಾಡಿಸಿದರು. ಆಮೇಲೆ ಆ ಚಿತ್ರವನ್ನು ಮುಖದ ಹತ್ತಿರ ತಂದು ಒಮ್ಮೆ ಮೂಸಿದರು. ಮತ್ತೊಮ್ಮೆ, ಉದ್ದ ಉಸಿರೆಳೆದು ಮೂಸಿದರು. ನನ್ನ ಮುಖ ನೋಡಿದರು. ಬಕೆಟ್ಟು ಎತ್ತಿಕೊಂಡು, ನನ್ನ ಕಡೆಗೆ ಮುಖ ಮಾಡಿಕೊಂಡೇ, ನೆಲ ಒರೆಸುತ್ತಾ ಹಿಂದೆ ಹಿಂದೆ ಹೋದರು.

ಇನ್ನೊಂದು ತುಂಡು ನನ್ನ ಮೇಜಿನ ಡ್ರಾಯರಿನಲ್ಲಿದೆ. ಆ ಡ್ರಾಯರನ್ನು ನಾನು ತೆರೆಯುವುದಿಲ್ಲ.