ಹದಿಮೂರನೆಯ ತಾರೀಖು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ ಒಂದು ಸಹಕಾರಿ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಮಾಡುತ್ತಿದ್ದೆ. ಒಂದು ವರ್ಷ ಜುಲೈ ಒಂದರಂದು ಅಲ್ಲಿಗೆ ಕಂಪ್ಯೂಟರ್ ಬಂತು. ಅದನ್ನು ತಂದವನು ಡಾಸ್ ಎಂಬ ಆಪರೇಟಿಂಗ್ ಸಿಸ್ಟಮನ್ನು ಅರ್ಧ ದಿನದಲ್ಲಿ ನನಗೆ ಕಲಿಸಿ ಹೋದ: ಸ್ವಿಚ್ ಹಾಕು, ತಾರೀಖು ಕೇಳುತ್ತದೆ, ದಿನ ಹೊಡಿ, ತಿಂಗಳು ಹೊಡಿ, ಮುಂದೆ ಹೋಗು. ಜೊತೆಗೆ ಬಂದ ದಪ್ಪ ಪುಸ್ತಕವನ್ನು ಮ್ಯಾನೇಜರರು ಸ್ಟಾಕ್ ರಿಜಿಸ್ಟರಿಗೆ ಏರಿಸಿ, ಬೀರುವಿನಲ್ಲಿಟ್ಟು ಕೀಲಿ ಹಾಕಿದರು. ಓದಿದರೆ ಪುಸ್ತಕ ಸವೆಯುತ್ತದೆ ಎಂಬುದು ಅವರ ನಂಬಿಕೆ.

ಹನ್ನೆರಡು ದಿನ ಯಂತ್ರ ಹೇಳಿದಂತೆ ಕೇಳಿತು. ಹದಿಮೂರನೆಯ ತಾರೀಖು, ಗುರುವಾರ, ‘ಇನ್‌ವ್ಯಾಲಿಡ್ ಡೇಟ್’ ಎಂದು ಹಟ ಹಿಡಿಯಿತು. ಕ್ಯಾಲೆಂಡರ್ ನೋಡಿ ಮತ್ತೆ ಹೊಡೆದೆ. ಮತ್ತೆ ಅದೇ ಮಾತು. ಶುಕ್ರವಾರವೂ ಅಷ್ಟೇ.

ಶನಿವಾರ ಮ್ಯಾನೇಜರರು ಒಂದು ಕಾಗದ ಮುಂದಿಟ್ಟರು. ಟೈಪಿಸ್ಟಳ ಅಜಾಗರೂಕತೆಯಿಂದ ಯಂತ್ರ ಕೆಟ್ಟಿದೆ ಎಂದು ಅದರಲ್ಲಿತ್ತು. ಕೆಳಗೆ ನನ್ನ ಸಹಿಗೆ ಜಾಗ.

“ಸಹಿ ಮಾಡ್ರಿ. ಸೋಮವಾರದಿಂದ ಗೋದಾಮಿನಾಗ ಚೀಟಿ ಬರಿಯಾಕ ಹೋಗ್ರಿ,” ಎಂದರು.

“ನಾ ಏನೂ ಕೆಡಿಸಿಲ್ರಿ. ಆ ಪುಸ್ತಕ ಕೊಡ್ರಿ, ಒಂದ್ಸಲ ನೋಡ್ತೀನಿ.”

“ಅದು ಹರದ್ರ ಯಾರು ಜವಾಬ್ದಾರ? ಇಂಜಿನಿಯರ್ ಬಂದ್ರ ಅವ್ರಿಗೆ ಕೊಡ್ತೀವಿ.”

“ಹಂಗಾದ್ರ ಸೋಮವಾರ ತನಕ ಸಹಿ ಇಲ್ರಿ,” ಎಂದು ಎದ್ದು ಬಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹಿಂದಿನ ಮೇಜಿನವರು ನಕ್ಕದ್ದೂ ಕೇಳಿಸಿತು. ನೆಲ ನಿಜವಾಗಿಯೂ ಡೊಂಕಿರಬಹುದೆಂದು ಯಾರಿಗೂ ಅನ್ನಿಸಲಿಲ್ಲ.

ಹುಮನಾಬಾದಿನ ಪುಸ್ತಕದಂಗಡಿಯಲ್ಲಿ ಕಂಪ್ಯೂಟರ್ ಗೈಡ್ ಕೇಳಿದೆ. “ಗೈಡ್ ಹತ್ತನೇ ಕ್ಲಾಸಿನವು ಅದಾವ್ರಿ. ಗಣಿತ ಕೊಡ್ಲೋ, ವಿಜ್ಞಾನ ಕೊಡ್ಲೋ?” ಎಂದ ಅಂಗಡಿಯವ.

ಭಾನುವಾರ ಮೊದಲ ಬಸ್ಸಿಗೆ ಹೈದರಾಬಾದಿಗೆ ಹೋದೆ. ಅಬಿಡ್ಸಿನ ಫುಟ್‌ಪಾತಿನಲ್ಲಿ ಆ ದಿನ ಹಳೆಯ ಪುಸ್ತಕಗಳನ್ನು ಹರಡಿರುತ್ತಾರೆ. ಬಣ್ಣದ ರಟ್ಟಿನ ಡಾಸ್ ಪುಸ್ತಕಗಳು ನಾಲ್ಕೈದು ಸಿಕ್ಕವು. ಒಂದರಲ್ಲಿ ನಲವತ್ತು ಪುಟ ಕಂಪ್ಯೂಟರಿನ ಗುಣಗಾನವೇ ಇತ್ತು. ಇನ್ನೊಂದು, ತಾರೀಖು ಹಾಕಿ ಮುಂದೆ ಹೋಗಿ ಎಂದಷ್ಟೇ ಹೇಳಿ ಕೈತೊಳೆದುಕೊಂಡಿತ್ತು. ಎಲ್ಲವೂ ನೆಟ್ಟಗಿದ್ದಾಗ ಏನು ಮಾಡಬೇಕೆಂದು ಹೇಳುವ ಪುಸ್ತಕ ಯಾರಿಗೆ ಬೇಕು? ಯಂತ್ರ ಒಲ್ಲೆ ಎಂದಾಗ ಬಾಯಿಬಿಡುವುದೇ ನನ್ನ ಲೆಕ್ಕದಲ್ಲಿ ಪುಸ್ತಕ. ಹಾಗಾಗಿ ಪ್ರತಿಯೊಂದರಲ್ಲೂ ತಾರೀಖಿನ ಪುಟ ಹುಡುಕಿ ನಿಂತಲ್ಲೇ ಓದಿದೆ.

“ಪಢನಾ ಹೈ ತೋ ಲೈಬ್ರರಿ ಜಾವ್ ಅಮ್ಮಾ,” ಎಂದು ಮಾರುವವ ಸಿಡುಕಿದ. ಓದಬೇಕಾದರೆ ಲೈಬ್ರರಿಗೆ ಹೋಗಬೇಕಂತೆ! ಜವಾಬು ಸಿಕ್ಕರಷ್ಟೇ ಕೊಳ್ಳುತ್ತೇನೆ ಎಂದು ನನ್ನ ಹರಕುಮುರುಕು ಉರ್ದುವಿನಲ್ಲಿ ಹೇಳಿ ಪುಟ ತಿರುಗಿಸಿದೆ.

ರಟ್ಟು ಕಿತ್ತುಹೋದ ತೆಳ್ಳನೆಯ ಪುಸ್ತಕದಲ್ಲಿ ಅದು ಸಿಕ್ಕಿತು. ತಾರೀಖು ಒಪ್ಪದಿದ್ದರೆ ಮೊದಲು ತಿಂಗಳು ಹಾಕಿ, ಆಮೇಲೆ ದಿನ. ಅಮೆರಿಕದವರ ರೂಢಿ ಹಾಗೆ. ನಾನು ಫುಟ್‌ಪಾತಿನಲ್ಲೇ ಕುಕ್ಕರಿಸಿಬಿಟ್ಟೆ. ಜುಲೈ ಐದಕ್ಕೆ ನಾನು ಐದು, ಏಳು ಎಂದು ಹಾಕಿದ್ದನ್ನು ಅದು ಮೇ ಏಳು ಎಂದು ಸುಮ್ಮನೆ ನುಂಗಿತ್ತು. ಹದಿಮೂರನೆಯ ತಿಂಗಳು ಎಲ್ಲೂ ಇಲ್ಲವಾದ್ದರಿಂದ ಗುರುವಾರ ಉಗುಳಿತ್ತು. ಅಳು ಬಂತು, ನಗುವೂ ಬಂತು. ಚೌಕಾಸಿ ಮಾಡದೆ ಕೊಂಡೆ.

ಸೋಮವಾರ ಎಲ್ಲರ ಮುಂದೆ ಏಳು ಹೊಡೆದು, ಹದಿನೇಳು ಹೊಡೆದೆ. ಯಂತ್ರ ತಕರಾರಿಲ್ಲದೆ ತೆರೆದುಕೊಂಡಿತು. ಹಿಂದಿನ ಮೇಜಿನವರು ಎದ್ದು ಬಂದು ಪರದೆ ನೋಡಿದರು.

ಮ್ಯಾನೇಜರರು ಹಳೆಯ ಕಾಗದ ಹರಿದರು. “ಯಂತ್ರ ತಾನೇ ಸರಿ ಆತು ಅಂತ ಬರೀರಿ. ಮ್ಯಾಲಿನವ್ರಿಗೆ ಇಷ್ಟು ಸಾಕು.”

ನಾನು ಟೈಪ್‌ರೈಟರಿಗೆ ಕಾಗದ ಏರಿಸಿ ಹೊಡೆದೆ: ‘ಯಂತ್ರ ಕೆಟ್ಟಿರಲಿಲ್ಲ. ತಿಂಗಳ ಜಾಗದಲ್ಲಿ ದಿನ ಹಾಕುವಂತೆ ತಪ್ಪಾಗಿ ಕಲಿಸಲಾಗಿತ್ತು. ತಪ್ಪನ್ನು ಟೈಪಿಸ್ಟಳೇ ಪತ್ತೆ ಹಚ್ಚಿದ್ದಾಳೆ.’ ಕೆಳಗೆ ನನ್ನ ಸಹಿ ಹಾಕಿ, ಪಕ್ಕದಲ್ಲಿ ಅವರ ಸಹಿಗೂ ಜಾಗ ಬಿಟ್ಟು ಮುಂದಿಟ್ಟೆ.

“ಇದಕ್ಕ ನಾ ಸಹಿ ಮಾಡೂದಿಲ್ಲ. ನೀವು ಗೋದಾಮಿಗಿ ನಡೀರಿ,” ಎಂದರು.

“ಬಿಡ್ರಿ. ನಾ ಗೋದಾಮಿಗಿ ಹೋಗೂದಿಲ್ಲ.”

ಸಂಜೆವರೆಗೂ ಆ ಕಾಗದ ಅವರ ಮೇಜಿನ ಮೇಲಿತ್ತು, ನಾನು ನನ್ನ ಕುರ್ಚಿಯಲ್ಲಿದ್ದೆ. ಕಚೇರಿ ಮುಚ್ಚುವ ಹೊತ್ತಿಗೆ ಅವರು ಪೆನ್ನು ತೆಗೆದರು.